ಬುಕನೀರ್: ಮಾಂಸ ಒಣಗಿಸುವ ಅಟ್ಟಣಿಗೆಯೊಂದು ಕಡಲ್ಗಳ್ಳನ ಹೆಸರಾದ ಪ್ರಕರಣ

1670ರ ಸುಮಾರಿಗೆ ಕೆರಿಬಿಯನ್ ಸಮುದ್ರದಲ್ಲಿ ಸ್ಪೇನಿನ ಹಡಗುಗಳ ಮೇಲೆ ಬೀಳುತ್ತಿದ್ದ ಒಬ್ಬನೇ ಮನುಷ್ಯನಿಗೆ ಐದು ಹೆಸರುಗಳಿದ್ದವು. ಸ್ಪೇನಿನವರು ಪಿರಾಟಾ ಎನ್ನುತ್ತಿದ್ದರು, ಡಚ್ಚರು ಝೇರೋವರ್ ಎನ್ನುತ್ತಿದ್ದರು, ಫ್ರೆಂಚರು ಫ್ಲಿಬುಸ್ತಿಯೇ ಎನ್ನುತ್ತಿದ್ದರು. ಜಮೈಕಾದ ಇಂಗ್ಲಿಷ್ ಅಧಿಕಾರಿಗಳು ಅವನನ್ನು ಪ್ರೈವೆಟೀರ್ ಎಂದು ಬರೆದುಕೊಳ್ಳುತ್ತಿದ್ದರು. ಐದನೆಯದು ಬುಕನೀರ್. ಮೊದಲ ನಾಲ್ಕೂ ಅವನು ಮಾಡುತ್ತಿದ್ದ ಕೆಲಸದ ಹೆಸರುಗಳು, ಅಂದರೆ ದೋಚುವುದು, ಕೊಳ್ಳೆ ಹೊಡೆಯುವುದು, ಖಾಸಗಿಯಾಗಿ ಯುದ್ಧ ಮಾಡುವುದು. ಐದನೆಯದಕ್ಕೂ ಕಳ್ಳತನಕ್ಕೂ ಸಂಬಂಧವಿಲ್ಲ, ಸಮುದ್ರಕ್ಕೂ ಇಲ್ಲ. ಅದರ ಬೇರು ಇರುವುದು ಅಡುಗೆಯ ಬೆಂಕಿಯ ಹತ್ತಿರ.

ನಿಘಂಟುಗಳು ಈ ಪದದ ವಂಶಾವಳಿಯನ್ನು ಒಂದೇ ಸಾಲಿನಲ್ಲಿ ಮುಗಿಸುತ್ತವೆ: ಬ್ರೆಜಿಲ್ ಕರಾವಳಿಯ ಮೂಲನಿವಾಸಿಗಳ ತುಪಿ ಭಾಷೆಯ ಮೊಕಾಎಂ, ಫ್ರೆಂಚಿನ ಬುಕಾನ್, ಅದರಿಂದ ಬುಕಾನಿಯೇ, ಅದರಿಂದ ಇಂಗ್ಲಿಷಿನ ಬುಕನೀರ್. ಸಾಲು ಸರಿಯಾಗಿಯೇ ಇದೆ. ಆದರೆ ಮಾಂಸಕ್ಕೆ ಹೊಗೆ ಕೊಡುವವನು ಯಾವ ಹಂತದಲ್ಲಿ ಹಡಗು ದೋಚುವವನಾದ ಎಂಬುದನ್ನು ಅದು ಹೇಳುವುದಿಲ್ಲ. ‘ಬೇಟೆಗಾರರು ಕಡಲ್ಗಳ್ಳರಾದರು, ಹೆಸರೂ ಜೊತೆಗೆ ಹೋಯಿತು’ ಎಂಬ ಜನಪ್ರಿಯ ವಿವರಣೆ ಅರ್ಧ ಮಾತ್ರ ನಿಜ. ಬೇಟೆಗಾರರು ಸಮುದ್ರಕ್ಕೆ ಇಳಿದದ್ದು ಹೌದು. ಆದರೆ ಅವರದೇ ಭಾಷೆಯಾದ ಫ್ರೆಂಚಿನಲ್ಲಿ ಆ ಹೆಸರು ದಡದಲ್ಲೇ ಉಳಿಯಿತು. ಅದು ಹಡಗು ಹತ್ತಿದ್ದು ಇಂಗ್ಲಿಷಿಗೆ ಬಂದ ಮೇಲೆ.

ಬ್ರೆಜಿಲ್ ಕರಾವಳಿ, 1557

ಇಂದಿನ ರಿಯೊ ಡಿ ಜನೈರೊ ಇರುವ ಗ್ವಾನಬಾರಾ ಕೊಲ್ಲಿಯಲ್ಲಿ ಫ್ರೆಂಚರ ಒಂದು ಸಣ್ಣ ವಸಾಹತು ಇತ್ತು. ಝಾಂ ದ ಲೆರಿ ಎಂಬ ಪ್ರಾಟೆಸ್ಟಂಟ್ ಯುವಕ 1557ರಲ್ಲಿ ಅಲ್ಲಿಗೆ ಹೋಗಿ, ತುಪಿನಾಂಬಾ ಜನರ ನಡುವೆ ಕೆಲಕಾಲ ಇದ್ದು ಮರಳಿದ. ಅವನ ಪುಸ್ತಕ ಅಚ್ಚಾದದ್ದು 1578ರಲ್ಲಿ. ತುಪಿನಾಂಬಾ ಜನ ಮಾಂಸ ಬೇಯಿಸುವ ಸಾಧನವನ್ನು ಅವನು ಅಳತೆ ಸಮೇತ ವರ್ಣಿಸಿದ್ದಾನೆ. ತೋಳಿನಷ್ಟು ದಪ್ಪದ ನಾಲ್ಕು ಕವಲುಗೂಟಗಳನ್ನು ಮೂರು ಮೂರು ಅಡಿ ಅಂತರದಲ್ಲಿ ಚೌಕಾಕಾರವಾಗಿ ನೆಡಬೇಕು. ನೆಲದಿಂದ ಎತ್ತರ ಎರಡೂವರೆ ಅಡಿ. ಕವಲುಗಳ ಮೇಲೆ ಅಡ್ಡಕ್ಕೆ ಕೋಲುಗಳನ್ನು ಎರಡು ಬೆರಳಿನಷ್ಟು ಸಂದು ಬಿಟ್ಟು ಜೋಡಿಸಬೇಕು. ಕೆಳಗೆ ಒಣ ಸೌದೆಯ ಸಣ್ಣ ಬೆಂಕಿ, ಹೊಗೆ ಇಲ್ಲವೆನ್ನುವಷ್ಟು ಕಡಿಮೆ. ಮಾಂಸದ ತುಂಡುಗಳನ್ನು ಮೇಲೆ ಹರಡಿ ಏಳೆಂಟು ನಿಮಿಷಕ್ಕೊಮ್ಮೆ ಮಗುಚುತ್ತಾ ಇರಬೇಕು. ಉಪ್ಪು ಹಾಕುವ ರೂಢಿ ಅವರಲ್ಲಿ ಇರಲಿಲ್ಲ, ಮಾಂಸ ಕೆಡದಂತೆ ಇಡಲು ಅವರಿಗಿದ್ದ ಉಪಾಯ ಇದೊಂದೇ. ‘ಇದನ್ನು ಅವರು ತಮ್ಮ ಭಾಷೆಯಲ್ಲಿ ಬುಕಾನ್ ಎನ್ನುತ್ತಾರೆ’ ಎಂಬ ಅರ್ಥದ ಮಾತು ಅಲ್ಲಿಯೇ ಇದೆ.

ಈ ಸಾಕ್ಷಿಗೆ ತೂಕ ಬರುವುದು ಅದರ ಸ್ಥಳ ಮತ್ತು ಕಾಲದಿಂದ. ಕೆರಿಬಿಯನ್ನಿನಲ್ಲಿ ಬುಕಾನಿಯೇ ಎಂಬವರು ಹುಟ್ಟುವುದಕ್ಕೆ ಅರ್ಧ ಶತಮಾನಕ್ಕೂ ಮೊದಲೇ, ಸಾವಿರಾರು ಮೈಲಿ ದಕ್ಷಿಣದಲ್ಲಿ, ಪದ ಮತ್ತು ವಸ್ತು ಎರಡೂ ಒಟ್ಟಿಗೆ ದಾಖಲಾಗಿವೆ. ಹಾಗಾಗಿ ಇದನ್ನು ಕೆರಿಬಿಯನ್ ದ್ವೀಪಗಳ ಕಾರಿಬ್ ಭಾಷೆಯ ಪದವೆಂದು ಹೇಳುವ ಹಳೆಯ ಬರಹಗಳನ್ನು ಒಪ್ಪುವಂತಿಲ್ಲ.

ತುಪಿಯ ಮ ಫ್ರೆಂಚಿನಲ್ಲಿ ಬ ಆದದ್ದಕ್ಕೂ ಕಾರಣ ಉಂಟು. ತುಪಿಯಲ್ಲಿ ‘ಮ’ ಮತ್ತು ‘ಂಬ’ ಒಂದಕ್ಕೊಂದು ಬದಲಾಗುವ ಧ್ವನಿಗಳು. ಪೋರ್ಚುಗೀಸರ ಕಿವಿಗೆ ಮ ಬಿತ್ತು, ಬ್ರೆಜಿಲ್‌ನ ಪೋರ್ಚುಗೀಸಿನಲ್ಲಿ ಆ ಅಟ್ಟಣಿಗೆಗೆ ಇಂದಿಗೂ ಮೊಕೆಂ ಎನ್ನುತ್ತಾರೆ. ಫ್ರೆಂಚರಿಗೆ ಬ ಕೇಳಿಸಿತು. ಬ್ರೆಜಿಲ್ ಮರದ ಕೆಂಪು ಬಣ್ಣಕ್ಕಾಗಿ ನಾರ್ಮಂಡಿಯ ಹಡಗುಗಳು ಹದಿನಾರನೆಯ ಶತಮಾನದ ಆರಂಭದಿಂದಲೇ ಆ ಕರಾವಳಿಗೆ ಬಂದು ಹೋಗುತ್ತಿದ್ದವು. ಡಿಯೆಪ್, ರೂಆಂ ಬಂದರುಗಳ ನಾವಿಕರು ತುಪಿ ಪದಗಳನ್ನು ಸರಕಿನ ಜೊತೆಗೇ ಹೊತ್ತು ತಂದರು. ಮುಂದೆ ಕೆರಿಬಿಯನ್ನಿಗೆ ಹೋದವರಲ್ಲೂ ಇದೇ ಬಂದರುಗಳವರು ಬಹಳ ಮಂದಿ.

ಹಿಸ್ಪಾನಿಯೋಲಾ: ದನ ಉಳಿದವು, ಜನ ಹೋದರು

ಇಂದು ಹೈಟಿ ಮತ್ತು ಡೊಮಿನಿಕನ್ ಗಣರಾಜ್ಯ ಹಂಚಿಕೊಂಡಿರುವ ದ್ವೀಪದ ಹಳೆಯ ಹೆಸರು ಹಿಸ್ಪಾನಿಯೋಲಾ. ಅಲ್ಲಿ ದನ, ಹಂದಿ ಯಾವುದೂ ಮೂಲದಲ್ಲಿ ಇರಲಿಲ್ಲ. 1493ರಲ್ಲಿ ಕೊಲಂಬಸ್‌ನ ಎರಡನೆಯ ಯಾನದಲ್ಲಿ ಬಂದ ಪ್ರಾಣಿಗಳು ಹುಲ್ಲು ಹೇರಳ, ಹುಲಿ ಚಿರತೆಗಳ ಕಾಟವಿಲ್ಲ ಎಂಬ ಕಾರಣಕ್ಕೆ ಕಾಡುಬಿದ್ದು ಲೆಕ್ಕವಿಲ್ಲದಷ್ಟು ಹೆಚ್ಚಿದವು.

ಪ್ರಕರಣದ ತಿರುವು 1605–06ರಲ್ಲಿದೆ. ದ್ವೀಪದ ಉತ್ತರ ಮತ್ತು ಪಶ್ಚಿಮ ತೀರದ ಊರಿನವರು ಡಚ್, ಫ್ರೆಂಚ್, ಇಂಗ್ಲಿಷ್ ಹಡಗುಗಳಿಗೆ ಕದ್ದು ಮುಚ್ಚಿ ಚರ್ಮ ಮಾರುತ್ತಿದ್ದರು. ಈ ಕಳ್ಳವ್ಯಾಪಾರ ನಿಲ್ಲಿಸಲು ಸ್ಪೇನಿನ ದೊರೆ ಮೂರನೆಯ ಫಿಲಿಪ್ ಆ ಊರುಗಳನ್ನೇ ಖಾಲಿ ಮಾಡಿಸಲು ಆಜ್ಞೆ ಹೊರಡಿಸಿದ. ಗವರ್ನರ್ ಆಂತೋನಿಯೊ ದ ಒಸೋರಿಯೊ ಪೋರ್ತೊ ಪ್ಲಾತಾ, ಮೋಂತೆ ಕ್ರಿಸ್ತಿ, ಬಾಯಾಹಾ, ಯಗ್ವಾನಾ ಊರುಗಳ ಜನರನ್ನು ಎಬ್ಬಿಸಿ ರಾಜಧಾನಿ ಸಾಂತೊ ದೊಮಿಂಗೊ ಕಡೆಗೆ ಓಡಿಸಿದ, ಮನೆಗಳಿಗೆ ಬೆಂಕಿ ಇಡಿಸಿದ. ಡೊಮಿನಿಕನ್ ಇತಿಹಾಸದಲ್ಲಿ ಇದಕ್ಕೆ ‘ಒಸೋರಿಯೊನ ಧ್ವಂಸ’ ಎಂದೇ ಹೆಸರು. ಜನರನ್ನು ಎಬ್ಬಿಸಬಹುದು, ಕಾಡು ಸೇರಿದ ದನಗಳನ್ನು ಎಬ್ಬಿಸುವುದು ಹೇಗೆ? ಅರ್ಧ ದ್ವೀಪ ಮನುಷ್ಯರಿಲ್ಲದ, ದನ ಹಂದಿಗಳಿಂದ ತುಂಬಿದ, ಕಾವಲಿಲ್ಲದ ಕರಾವಳಿಯಾಗಿ ಉಳಿಯಿತು. ಕಳ್ಳವ್ಯಾಪಾರ ತಡೆಯಲು ಹೊರಟ ಆಜ್ಞೆ ಕಳ್ಳವ್ಯಾಪಾರಿಗಳಿಗೇ ಜಾಗ ತೆರವು ಮಾಡಿಕೊಟ್ಟಂತಾಯಿತು.

ಆ ಜಾಗಕ್ಕೆ ಬಂದು ಸೇರಿದವರಲ್ಲಿ ಹೆಚ್ಚಿನವರು ಫ್ರೆಂಚರು. ಹಡಗು ಬಿಟ್ಟು ಓಡಿದ ನಾವಿಕರು, ಜೀತದ ಕರಾರು ಮುಗಿದವರು ಅಥವಾ ಮುಗಿಯುವ ಮೊದಲೇ ತಪ್ಪಿಸಿಕೊಂಡವರು, ಬೇರೆ ದ್ವೀಪಗಳಿಂದ ಓಡಿಸಲ್ಪಟ್ಟವರು. ಅವರ ಕಸುಬು ಎರಡು ಬಗೆ. ಕೆಲವರು ದನಗಳನ್ನು ಹೊಡೆದು ಚರ್ಮ ಮಾರುತ್ತಿದ್ದರು: ಹಸಿ ತೊಗಲನ್ನು ನೆಲಕ್ಕೆ ಗೂಟ ಬಡಿದು ಬಿಗಿದು, ಬೂದಿ ಮತ್ತು ಉಪ್ಪು ತಿಕ್ಕಿ ಒಣಗಿಸಿ ಹಡಗುಗಳಿಗೆ ಕೊಡುತ್ತಿದ್ದರು. ಇನ್ನು ಕೆಲವರು ಕಾಡುಹಂದಿ ಹೊಡೆದು ಮಾಂಸ ಮಾರುತ್ತಿದ್ದರು. ನಳಿಕೆಯೇ ನಾಲ್ಕೂವರೆ ಅಡಿ ಉದ್ದವಿದ್ದ ಅವರ ಕೋವಿ ಡಿಯೆಪ್ ಮತ್ತು ನಾಂತ್‌ನಲ್ಲಿ ತಯಾರಾಗುತ್ತಿತ್ತು. ಒಂದು ಪೌಂಡ್ ಸೀಸಕ್ಕೆ ಹದಿನಾರು ಗುಂಡು ಬರುವ ಲೆಕ್ಕ. ಈ ಕೋವಿಗೂ ಬುಕಾನಿಯೇ ಎಂಬ ಹೆಸರೇ ಅಂಟಿಕೊಂಡಿತು.

ಅಟ್ಟಣಿಗೆ ಮನೆಯಾದದ್ದು

ಬ್ರೆಜಿಲ್‌ನ ಬುಕಾನ್ ಬಯಲಲ್ಲಿ ನಿಂತ ಒಂದು ಅಟ್ಟಣಿಗೆ. ಹಿಸ್ಪಾನಿಯೋಲಾದ ಬುಕಾನ್ ಒಂದು ಗುಡಿಸಲು. ಬೇಟೆಗಾರರ ಜೊತೆ ಬದುಕಿ ಅವರ ಬಗ್ಗೆ ಬರೆದ ಎಕ್ಸ್‌ಕೆಮೆಲಿನ್ ಎಂಬವನ ಪುಸ್ತಕದಲ್ಲಿ, ಮುಖ್ಯವಾಗಿ ಅದರ 1686ರ ಫ್ರೆಂಚ್ ಆವೃತ್ತಿಯಲ್ಲಿ, ಇದರ ವಿವರ ಸಿಗುತ್ತದೆ. ಗುಡಿಸಲಿನ ಸುತ್ತಲೂ ತಾಳೆಯ ಜಾತಿಯ ಮರದ ಹಾಳೆಗಳನ್ನು ಹೊದಿಸಿ ಮುಚ್ಚುತ್ತಿದ್ದರು. ಒಳಗೆ ಮಣಿಕಟ್ಟಿನ ದಪ್ಪದ, ಏಳೆಂಟು ಅಡಿ ಉದ್ದದ ಇಪ್ಪತ್ತು ಮೂವತ್ತು ಕೋಲುಗಳನ್ನು ಅರ್ಧ ಅಡಿ ಅಂತರದಲ್ಲಿ ಅಡ್ಡಲಾಗಿ ಕಟ್ಟುತ್ತಿದ್ದರು. ಹಂದಿಯ ಮೂಳೆ ಬಿಡಿಸಿ, ಮಾಂಸವನ್ನು ಸುಮಾರು ಒಂದು ಮಾರು ಉದ್ದದ ಸೀಳುಗಳಾಗಿ ಕೊಯ್ದು, ನುಣ್ಣಗೆ ಕುಟ್ಟಿದ ಉಪ್ಪು ಸವರಿ ಇಡುತ್ತಿದ್ದರು. ಉಪ್ಪು ಹಿಡಿದ ಮೇಲೆ ಕೋಲುಗಳಿಗೆ ಏರಿಸಿ ಕೆಳಗೆ ಹೊಗೆ ಹಾಕುವುದು. ಸೌದೆಯ ಜೊತೆಗೆ ಅದೇ ಹಂದಿಗಳ ಚರ್ಮ, ಮೂಳೆಗಳನ್ನೂ ಉರಿಸುತ್ತಿದ್ದರು, ಹೊಗೆ ದಟ್ಟವಾಗಲಿ ಎಂದು.

ಇಲ್ಲಿ ಆದ ಬದಲಾವಣೆಗಳು ಮೂರು. ಉಪ್ಪು ಸೇರಿತು. ಹೊಗೆ ಕಡಿಮೆಯಿದ್ದ ಬೆಂಕಿಯ ಬದಲು ಬೇಕೆಂದೇ ಹೊಗೆ ಎಬ್ಬಿಸುವ ಬೆಂಕಿ ಬಂತು. ಬಯಲು ಹೋಗಿ ಮುಚ್ಚಿದ ಜಾಗ ಬಂತು. ಕಾರಣ ಸರಳ: ತುಪಿನಾಂಬಾ ಜನ ಒಣಗಿಸುತ್ತಿದ್ದದ್ದು ತಮ್ಮ ಊಟಕ್ಕೆ, ಇವರು ಒಣಗಿಸುತ್ತಿದ್ದದ್ದು ಹಡಗಿನ ಉಗ್ರಾಣಕ್ಕೆ. ವಾರಗಟ್ಟಲೆ ಕಡಲ ತೇವದಲ್ಲಿ ಉಳಿಯಬೇಕಾದ ಮಾಂಸ ಅದು. ಕೊಡಗು, ಮಲೆನಾಡುಗಳಲ್ಲಿ ಒಲೆಯ ಮೇಲಿನ ಅಟ್ಟದಲ್ಲಿ ಮಳೆಗಾಲಕ್ಕೆ ಮಾಂಸ ಹೊಗೆಗಿಡುವುದನ್ನು ಕಂಡವರಿಗೆ ಇದರ ತರ್ಕ ಬಿಡಿಸಿ ಹೇಳಬೇಕಿಲ್ಲ.

ಕೆಡುವುದೂ ಗೊತ್ತಾದ ದಾರಿಗಳಲ್ಲೇ. ಬೆಂಕಿ ಜೋರಾದರೆ ಸೀಳಿನ ಮೇಲ್ಪದರ ಬೇಗ ಗಟ್ಟಿಯಾಗಿ ಒಳಗಿನ ನೀರು ಹೊರಬರಲು ದಾರಿ ಇರುವುದಿಲ್ಲ. ಹೊರಗಿನಿಂದ ಒಣಗಿದಂತೆ ಕಂಡ ತುಂಡು ನಡುವಿನಲ್ಲಿ ಕೊಳೆಯುತ್ತದೆ. ದಪ್ಪಗೆ ಕೊಯ್ದರೂ ಇದೇ ಫಲ. ಕೊಬ್ಬು ಹೆಚ್ಚಿದ್ದರೆ ಕಮಟು ಹತ್ತುತ್ತದೆ, ಹಂದಿ ಮಾಂಸದಲ್ಲಿ ಈ ಭಯ ದನದ್ದಕ್ಕಿಂತ ಜಾಸ್ತಿ. ದಟ್ಟ ಹೊಗೆ ಕೆಲಸಕ್ಕೆ ಬರುವುದು ಇಲ್ಲಿಯೇ: ಹೊಗೆಯಲ್ಲಿರುವ ಫೀನಾಲ್ ಜಾತಿಯ ರಾಸಾಯನಿಕಗಳು ಕೊಬ್ಬು ಕಮಟಾಗುವುದನ್ನು ನಿಧಾನಿಸುತ್ತವೆ, ಮೇಲ್ಮೈಯಲ್ಲಿ ಸೂಕ್ಷ್ಮಾಣು ಬೆಳೆಯಲು ಬಿಡುವುದಿಲ್ಲ, ನೊಣಗಳನ್ನೂ ದೂರ ಇಡುತ್ತವೆ. ಹೀಗೆ ಹೊಗೆ ತಿಂದ ಮಾಂಸಕ್ಕೆ ‘ಬುಕಾನೆ’ ಎಂಬ ಹೆಸರಾಯಿತು. ಹೊಗೆ ಹಾಕುವವನು ಬುಕಾನಿಯೇ. ಫ್ರೆಂಚಿನಲ್ಲಿ ಕಸುಬಿನ ಹೆಸರು ಕಟ್ಟುವ ಮಾಮೂಲು ಪ್ರತ್ಯಯ ಇದು, ವಿಶೇಷವೇನೂ ಇಲ್ಲ.

ದಡದಿಂದ ಹಡಗಿಗೆ

ಬೇಟೆಗಾರನಿಗೂ ದರೋಡೆ ಹಡಗಿಗೂ ನಂಟು ಬೆಳೆದದ್ದು ಮೊದಲು ಗಿರಾಕಿ ಸಂಬಂಧವಾಗಿ. ಹಡಗಿನವರಿಗೆ ಮಾಂಸ ಬೇಕು, ಬೇಟೆಗಾರನಿಗೆ ಮದ್ದು, ಸೀಸ, ಬಟ್ಟೆ, ಬ್ರಾಂದಿ ಬೇಕು. ಈ ವ್ಯಾಪಾರ ಹೆಚ್ಚಾಗಿ ನಡೆಯುತ್ತಿದ್ದದ್ದು ಹಿಸ್ಪಾನಿಯೋಲಾದ ವಾಯವ್ಯಕ್ಕೆ ಅಂಟಿಕೊಂಡಂತಿರುವ ಟೋರ್ಟುಗಾ ದ್ವೀಪದಲ್ಲಿ. 1640ರಲ್ಲಿ ಅಲ್ಲಿನ ಅಧಿಕಾರ ಹಿಡಿದ ಲೆ ವಾಸೆರ್ ಬಂಡೆಯ ಮೇಲೊಂದು ಕೋಟೆ ಕಟ್ಟಿದ ಮೇಲೆ ಆ ಬಂದರಿಗೆ ರಕ್ಷಣೆಯೂ ಸಿಕ್ಕಿತು.

ಸ್ಪೇನಿನವರು ಸುಮ್ಮನಿರಲಿಲ್ಲ. ಐವತ್ತೈವತ್ತು ಜನರ ಈಟಿ ಸವಾರರ ಪಡೆಗಳನ್ನು ಕಟ್ಟಿ ಬೇಟೆಗಾರರನ್ನು ಕಾಡಿನಲ್ಲಿ ಅಟ್ಟಿಸಿಕೊಂಡು ಹೋದರು. ಅದು ಸಾಲದೆಂದು ದನಗಳನ್ನೇ ಕೊಂದು ಹಾಕಿದರು, ಬೇಟೆ ಮುಗಿದರೆ ಬೇಟೆಗಾರ ಹೋಗುತ್ತಾನೆ ಎಂಬ ಲೆಕ್ಕ. ಲೆಕ್ಕ ಸರಿಯೇ, ಅವನು ಹೋಗುವುದು ಎಲ್ಲಿಗೆ ಎಂಬುದನ್ನು ಮಾತ್ರ ಯಾರೂ ಯೋಚಿಸಿದಂತಿಲ್ಲ. ಕಸುಬು ಕಳೆದುಕೊಂಡವನ ಕೈಯಲ್ಲಿ ಆಗಲೇ ಗುರಿ ತಪ್ಪದ ಕೋವಿ ಇತ್ತು, ಬಂದರಿನಲ್ಲಿ ಪರಿಚಯದ ಹಡಗು ಇತ್ತು, ಎದೆಯಲ್ಲಿ ಸ್ಪೇನಿನ ಮೇಲೆ ಸಿಟ್ಟಿತ್ತು.

ಹಡಗಿನ ಕರಾರಿನಲ್ಲಿ ಅವನ ಹಳೆಯ ಕಸುಬಿನ ಗುರುತು ಉಳಿದಿದೆ. ಎಕ್ಸ್‌ಕೆಮೆಲಿನ್ ಹೇಳುವ ಹಂಚಿಕೆಯ ಪದ್ಧತಿಯಲ್ಲಿ ‘ಲೂಟಿ ಇಲ್ಲದಿದ್ದರೆ ಕೂಲಿಯೂ ಇಲ್ಲ’ ಎಂಬುದು ಮೊದಲ ನಿಯಮ. ಲೂಟಿ ಸಿಕ್ಕಿದರೆ ಎಲ್ಲರ ಪಾಲಿಗೂ ಮುಂಚೆ ಕೆಲವು ಬಾಬ್ತು ಕಳೆಯಬೇಕು. ಬೇಟೆ ಮತ್ತು ಆಹಾರದ ಬಾಬ್ತಿಗೆ ಸುಮಾರು 200 ಸ್ಪೇನ್ ಬೆಳ್ಳಿ ನಾಣ್ಯ, ಹಡಗಿನ ಬಡಗಿಗೆ 100ರಿಂದ 150, ವೈದ್ಯನಿಗೆ ಔಷಧದ ಪೆಟ್ಟಿಗೆ ಸೇರಿ 200ರಿಂದ 250. ಬಲಗೈ ಹೋದವನಿಗೆ 600, ಎಡಗೈಗೆ 500, ಬಲಗಾಲಿಗೆ 500, ಎಡಗಾಲಿಗೆ 400, ಒಂದು ಕಣ್ಣಿಗೆ 100. ಬಡಗಿಗಿಂತ ಮಾಂಸದ ಬಾಬ್ತು ದೊಡ್ಡದು. ಉಪ್ಪು, ಹೊಗೆ ಬಲ್ಲವರ ಬೆಲೆ ಈ ಪಟ್ಟಿಯಲ್ಲಿ ಇದ್ದಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಾಣುವುದಿಲ್ಲ.

ಇಷ್ಟಾದರೂ ಫ್ರೆಂಚರು ಹೆಸರುಗಳನ್ನು ಬೆರೆಸಲಿಲ್ಲ. ಹೊಲದಲ್ಲಿ ದುಡಿಯುವವನು ಆಬಿತಾಂ, ಕಾಡಿನಲ್ಲಿ ಬೇಟೆಯಾಡುವವನು ಬುಕಾನಿಯೇ, ಸಮುದ್ರದಲ್ಲಿ ದೋಚುವವನು ಫ್ಲಿಬುಸ್ತಿಯೇ. ಒಬ್ಬನೇ ಮನುಷ್ಯ ವರ್ಷದಲ್ಲಿ ಮೂರೂ ಆಗಬಹುದಿತ್ತು, ಆದರೂ ಆ ಹೊತ್ತಿನ ಕಸುಬಿಗೆ ಆ ಹೊತ್ತಿನ ಹೆಸರು.

1684ರ ಶೀರ್ಷಿಕೆ ಪುಟ

ಹೆಸರು ಬೆರೆತದ್ದು ಇಂಗ್ಲಿಷಿನಲ್ಲಿ. 1655ರಲ್ಲಿ ಜಮೈಕಾ ಗೆದ್ದ ಇಂಗ್ಲಿಷರು ಈ ಜನರನ್ನು ಬಾಡಿಗೆ ಪಡೆಯಂತೆ ಬಳಸಿಕೊಂಡರು. ಪರವಾನಗಿ ಪತ್ರ ಕೊಟ್ಟು ಸ್ಪೇನಿನ ಮೇಲೆ ಬಿಟ್ಟರೆ ಪ್ರೈವೆಟೀರ್, ಪತ್ರವಿಲ್ಲದಿದ್ದರೆ ಪೈರೇಟ್. ಕಾನೂನಿಗೆ ಬೇಕಾದದ್ದು ಈ ಎರಡೇ. ಮೂರನೆಯ ಪದ ಬೇಕಾದದ್ದು ಓದುಗರಿಗೆ, ಅಂದರೆ ಪುಸ್ತಕ ಮಾರುವವರಿಗೆ.

ಎಕ್ಸ್‌ಕೆಮೆಲಿನ್‌ನ ಪುಸ್ತಕ 1678ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಡಚ್ಚಿನಲ್ಲಿ ಬಂತು. ಅದರ ಅನುವಾದಗಳ ಶೀರ್ಷಿಕೆಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡುವುದೇ ಈ ಪ್ರಕರಣದ ಅತ್ಯಂತ ಗಟ್ಟಿ ಸಾಕ್ಷಿ. ಡಚ್ ಮೂಲದಲ್ಲಿ ‘ಅಮೆರಿಕದ ಝೇರೋವರ್‌ಗಳು’, 1679ರ ಜರ್ಮನಿನಲ್ಲಿ ಅದೇ ಅರ್ಥದ ‘ಸೇರೋಯ್ಬರ್’, 1681ರ ಸ್ಪ್ಯಾನಿಷಿನಲ್ಲಿ ‘ಪಿರಾಟಾಸ್’. 1684ರ ಇಂಗ್ಲಿಷಿನಲ್ಲಿ ಮಾತ್ರ ‘ಬುಕನೀರ್ಸ್ ಆಫ್ ಅಮೆರಿಕ’. 1686ರ ಫ್ರೆಂಚಿನಲ್ಲಿ ‘ಆವಾಂತುರಿಯೇ’, ಅಂದರೆ ಸಾಹಸಿಗರು. ಗಮನಿಸಬೇಕಾದ್ದು, ಇಂಗ್ಲಿಷ್ ಅನುವಾದ ಆದದ್ದು ಸ್ಪ್ಯಾನಿಷಿನಿಂದ. ಮುಂದಿದ್ದ ಪದ ಪಿರಾಟಾಸ್, ಇಂಗ್ಲಿಷಿನಲ್ಲಿ ಅದಕ್ಕೆ ನೇರವಾಗಿ ಒಪ್ಪುವ ಪೈರೇಟ್ ಸಿದ್ಧವಾಗಿತ್ತು. ಅದನ್ನು ಬಿಟ್ಟು ಬುಕನೀರ್ ಆರಿಸಿದರು. ಅದೇ ವರ್ಷ ಪ್ರತಿಸ್ಪರ್ಧಿ ಪ್ರಕಾಶಕನೊಬ್ಬ ತಂದ ಸಂಗ್ರಹದ ಹೆಸರಿನಲ್ಲೂ ಬುಕನೀರ್ ಪದವೇ. ಇನ್ನೊಂದೆಡೆ, ಆ ಪದ ಹುಟ್ಟಿದ ಭಾಷೆಯ ಅನುವಾದಕ ಅದನ್ನು ಶೀರ್ಷಿಕೆಯ ಮುಖ್ಯ ಪದ ಮಾಡಲಿಲ್ಲ. ಫ್ರೆಂಚ್ ಓದುಗ ಅದನ್ನು ಕಂಡರೆ ಹಂದಿ ಬೇಟೆಯ ಪುಸ್ತಕ ಎಂದುಕೊಳ್ಳುತ್ತಿದ್ದ.

ಮರುವರ್ಷವೇ ಕೋರ್ಟಿನ ಸಾಕ್ಷಿಯೂ ಸಿಗುತ್ತದೆ. 1668ರಲ್ಲಿ ಪೋರ್ಟೊಬೆಲೊ, 1671ರಲ್ಲಿ ಪನಾಮಾ ಸುಲಿದಿದ್ದ ಹೆನ್ರಿ ಮಾರ್ಗನ್ ಅಷ್ಟರಲ್ಲಿ ‘ಸರ್’ ಆಗಿ, ಜಮೈಕಾದ ಉಪ ಗವರ್ನರನೂ ಆಗಿದ್ದ. ಅವನು ಇಬ್ಬರೂ ಪ್ರಕಾಶಕರ ಮೇಲೆ ಲಂಡನ್ನಿನಲ್ಲಿ ಮಾನನಷ್ಟ ಮೊಕದ್ದಮೆ ಹೂಡಿ 1685ರಲ್ಲಿ 200 ಪೌಂಡ್ ಪರಿಹಾರ ಗಿಟ್ಟಿಸಿದ. ತನ್ನನ್ನು ಜೀತದಾಳಾಗಿ ಬಂದವನೆಂದು ಬರೆದದ್ದು ಅವನಿಗೆ ಚಿತ್ರಹಿಂಸೆಯ ಆರೋಪದಷ್ಟೇ ಚುಚ್ಚಿತ್ತು. ನಮ್ಮ ವಿಷಯಕ್ಕೆ ಮುಖ್ಯವಾದದ್ದು ದಾವೆಯ ಧಾಟಿ. ಅದರಲ್ಲಿ ಬುಕನೀರ್ ಎಂಬುದು ಕಳ್ಳರ, ಕಡಲ್ಗಳ್ಳರ ಸಾಲಿನಲ್ಲಿ ನಿಲ್ಲುವ ಪದ, ಮಾರ್ಗನ್ ಅಂಥವರನ್ನು ಅಸಹ್ಯಪಡುವ ರಾಜನಿಷ್ಠ. ಹೊಗೆ, ಮಾಂಸ ಎರಡರ ವಾಸನೆಯೂ ಆ ಪದದಲ್ಲಿ ಆಗ ಉಳಿದಿರಲಿಲ್ಲ.

ದಾರಿ ತಪ್ಪಿಸುವ ವ್ಯುತ್ಪತ್ತಿಗಳು

ಫ್ರೆಂಚಿನ ‘ಬುಕ್’, ಅಂದರೆ ಹೋತ, ಇದರ ಮೂಲ ಎಂಬ ವಾದವೊಂದಿದೆ. ಬೇಟೆಗಾರರು ಹೋತದಂತೆ ನಾರುತ್ತಿದ್ದರು ಎಂದು ಕಥೆ ಕಟ್ಟುತ್ತಾರೆ. ಲೆರಿ ‘ಅವರ ಭಾಷೆಯಲ್ಲಿ’ ಎಂದು ಬರೆದಿರುವಾಗ ಈ ವಾದ ನಿಲ್ಲುವುದಿಲ್ಲ. ಗದ್ದಲ ಎಂಬ ಅರ್ಥದ ಫ್ರೆಂಚ್ ‘ಬುಕಾನ್’ ಬೇರೆಯೇ ಪದ, ಅದನ್ನು ಕಡಲ್ಗಳ್ಳರ ಕುಡಿತದ ಗಲಾಟೆಗೆ ತಳುಕು ಹಾಕುವುದು ತಪ್ಪು. ಬಾರ್ಬೆಕ್ಯೂ ಪದವನ್ನೂ ಇದರ ಜೊತೆ ಕಲಸುವವರಿದ್ದಾರೆ. ಅದು ಕೆರಿಬಿಯನ್ ದ್ವೀಪಗಳ ತಾಯಿನೊ ಭಾಷೆಯ ಬಾರ್ಬಕೋವಾ. ಹೋಲುವ ಅಟ್ಟಣಿಗೆಗೆ ಎರಡು ಬೇರೆ ಜನರು ಕೊಟ್ಟ ಎರಡು ಹೆಸರುಗಳು ಯುರೋಪಿಗೆ ಎರಡು ದಾರಿಯಲ್ಲಿ ಬಂದವು, ಒಂದು ಸ್ಪ್ಯಾನಿಷ್ ಮೂಲಕ, ಇನ್ನೊಂದು ಫ್ರೆಂಚ್ ಮೂಲಕ.

ಫ್ಲಿಬುಸ್ತಿಯೇ ಕಥೆ ಇದಕ್ಕೆ ಪೂರಾ ತಿರುಗುಮುರುಗು. ಡಚ್ಚಿನ ‘ವ್ರೆಯ್‌ಬಾಯ್ಟರ್’, ಅಂದರೆ ಎಗ್ಗಿಲ್ಲದೆ ಲೂಟಿ ಮಾಡುವವನು, ಫ್ರೆಂಚ್ ಮತ್ತು ಸ್ಪ್ಯಾನಿಷ್ ಸುತ್ತಿ ಇಂಗ್ಲಿಷಿಗೆ ‘ಫಿಲಿಬಸ್ಟರ್’ ಆಗಿ ಬಂತು. 1850ರ ದಶಕದಲ್ಲಿ ನಿಕರಾಗುವಾಕ್ಕೆ ನುಗ್ಗಿದ ವಿಲಿಯಂ ವಾಕರ್‌ನಂಥವರಿಗೆ ಆ ಹೆಸರು ಇತ್ತು, ಕೊನೆಗೆ ಅಮೆರಿಕದ ಸೆನೆಟ್‌ನಲ್ಲಿ ಉದ್ದುದ್ದ ಭಾಷಣ ಮಾಡಿ ಮಸೂದೆ ತಡೆಯುವುದಕ್ಕೆ ಬಂದು ನಿಂತಿತು. ಕಳ್ಳನ ಪದ ಶಾಸನಸಭೆಗೆ ಹೋಯಿತು, ಅಡುಗೆಯ ಪದ ಕಳ್ಳನ ಪಾಲಾಯಿತು.

ಅಡುಗೆಯ ಅರ್ಥ ಪೂರ್ತಿ ಸತ್ತಿಲ್ಲ. ಹೈಟಿಯ ಕ್ರೆಯೋಲ್‌ನಲ್ಲಿ ‘ಬುಕಾನೆನ್’ ಎಂದರೆ ಕೆಂಡದ ಮೇಲೆ ಸುಡುವುದು, ಬೀದಿಯಲ್ಲಿ ಸುಟ್ಟು ಮಾರುವ ಜೋಳದ ತೆನೆಗೆ ‘ಮಾಯಿ ಬುಕಾನೆನ್’ ಎನ್ನುತ್ತಾರೆ. ಹಿಂದೂ ಮಹಾಸಾಗರದ ಫ್ರೆಂಚ್ ದ್ವೀಪ ರಿಯೂನಿಯನ್‌ನಲ್ಲಿ ಹೊಗೆಯಲ್ಲಿ ಒಣಗಿಸಿದ ಹಂದಿ ಮಾಂಸಕ್ಕೆ ಇಂದಿಗೂ ಬುಕಾನೆ ಎಂದೇ ಹೆಸರು.

ಕನ್ನಡದಲ್ಲಿ ಬರೆಯುವಾಗ

‘ಕಡಲ್ಗಳ್ಳ’ ಎಂಬ ಒಂದೇ ಪದದಿಂದ ಎಲ್ಲವನ್ನೂ ತೂಗಿಸಿದರೆ ಇತಿಹಾಸ ಸುಳ್ಳಾಗುವ ಜಾಗಗಳಿವೆ. 1640ರ ಹಿಸ್ಪಾನಿಯೋಲಾದ ಬಗ್ಗೆ ಫ್ರೆಂಚ್ ಮೂಲದಲ್ಲಿ ಬುಕಾನಿಯೇ ಎಂದಿದ್ದರೆ ಅವನು ಬೇಟೆಗಾರ, ‘ಹೊಗೆಮಾಂಸದ ಬೇಟೆಗಾರ’ ಎಂದರೆ ಸಾಕು. 1684ರ ನಂತರದ ಇಂಗ್ಲಿಷ್ ಮೂಲವಾದರೆ ‘ಕೆರಿಬಿಯನ್ನಿನ ಕಡಲ್ಗಳ್ಳ’ ಸರಿ, ಅಥವಾ ಬುಕನೀರ್ ಎಂದೇ ಉಳಿಸಬಹುದು. ಪ್ರೈವೆಟೀರ್‌ಗೆ ‘ಪರವಾನಗಿ ಪಡೆದ ಲೂಟಿ ಹಡಗಿನವನು’ ಎನ್ನಬೇಕು. ಉದ್ದವಾಯಿತು ನಿಜ, ಆದರೆ ಆ ಪತ್ರ ಇತ್ತೇ ಇಲ್ಲವೇ ಎಂಬುದರ ಮೇಲೆ ಒಬ್ಬನ ಕೊರಳು ನಿಂತಿರುತ್ತಿತ್ತು.

ನಮ್ಮ ಕರಾವಳಿಯ ಉದಾಹರಣೆಯೇ ಇದೆ. 1697ರ ಸೆಪ್ಟೆಂಬರಿನಲ್ಲಿ ವಿಲಿಯಂ ಕಿಡ್‌ನ 34 ತೋಪುಗಳ ಅಡ್ವೆಂಚರ್ ಗ್ಯಾಲಿ ಹಡಗು ಸೌದೆ, ನೀರಿಗಾಗಿ ಕಾರವಾರಕ್ಕೆ ಬಂತು. ಅಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಕೋಠಿ ಇತ್ತು. ಹಡಗಿನಿಂದ ತಪ್ಪಿಸಿಕೊಂಡ ಕೆಲವರು ಕಿಡ್‌ನ ನಿಜವಾದ ಉದ್ದೇಶವನ್ನು ಕೋಠಿಯವರಿಗೆ ತಿಳಿಸಿದರು. ಈ ಕಿಡ್ 1689ರಲ್ಲಿ ಕೆರಿಬಿಯನ್ನಿನ ಬುಕನೀರ್ ತಂಡದಲ್ಲಿದ್ದವನು. ಕಾರವಾರಕ್ಕೆ ಬರುವಾಗ ಅವನ ಹತ್ತಿರ ಕಡಲ್ಗಳ್ಳರನ್ನು ಹಿಡಿಯಲೆಂದು ದೊರೆ ಮೂರನೆಯ ವಿಲಿಯಂ ಕೊಟ್ಟ ಪತ್ರವಿತ್ತು. 1698ರ ಜನವರಿಯಲ್ಲಿ ಕೊಚ್ಚಿಯ ಬಳಿ ಕ್ವೆಡಾ ಮರ್ಚೆಂಟ್ ಹಡಗನ್ನು ಹಿಡಿದ ಮೇಲೆ ಕಂಪನಿಯ ಕಣ್ಣಿಗೆ ಅವನು ಪೈರೇಟ್, 1701ರ ಮೇ 23ರಂದು ಲಂಡನ್ನಿನ ವಾಪಿಂಗ್‌ನಲ್ಲಿ ಗಲ್ಲಿಗೇರಿದ್ದೂ ಹಾಗೆಂದೇ. ಆದ್ದರಿಂದ ಅವನು 1689ರಲ್ಲಿ ಬುಕನೀರ್, ಕಾರವಾರದಲ್ಲಿ ಲಂಗರು ಹಾಕುವಾಗ ಕಾಗದದ ಮಟ್ಟಿಗೆ ಪ್ರೈವೆಟೀರ್, ತೀರ್ಪಿನಲ್ಲಿ ಪೈರೇಟ್. ‘ಬುಕನೀರ್ ಕಿಡ್ ಕಾರವಾರಕ್ಕೆ ಬಂದ’ ಎಂದು ಬರೆಯುವುದು ತಪ್ಪಾಗುತ್ತದೆ.